ಅಪ್ಪನ ಹೆಸರಲ್ಲೇ ಉಳಿದ ಮನೆ: ಮಾರುವ ಮುನ್ನ ನಾನು ಕಾಗದಪತ್ರ ಸರಿಮಾಡುವ ಕ್ರಮ

ತಂದೆ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಬೆಂಗಳೂರಿನ ರಾಜಾಜಿನಗರದ್ದೋ ಬನಶಂಕರಿಯದ್ದೋ ಮನೆ ಮಾರಲು ಹೊರಡುವ ಕುಟುಂಬಗಳ ಕಾಗದ ನೋಡುವುದು ನನ್ನ ಕೆಲಸ. ಬಹುತೇಕರು ಮೊದಲು ಮುಂದಿಡುವುದು ಖಾತೆ ಮತ್ತು ಕಂದಾಯದ ರಸೀದಿ. ಖಾತೆ ಅಣ್ಣನ ಹೆಸರಿಗೆ ಆಗಿದೆ, ಅವನೊಬ್ಬ ಸಹಿ ಹಾಕಿದರೆ ಸಾಕು ಎಂಬ ನಂಬಿಕೆ. ಸಾಲದು. ತೆರಿಗೆ ಯಾರಿಂದ ವಸೂಲು ಮಾಡಬೇಕು ಎಂದು ಪಾಲಿಕೆ ಇಟ್ಟುಕೊಂಡ ದಾಖಲೆ ಖಾತೆ. ಅದು ಒಬ್ಬರಿಗೆ ಹಕ್ಕು ಕೊಡುವುದಿಲ್ಲ, ಇನ್ನೊಬ್ಬರ ಹಕ್ಕು ಕಳೆಯುವುದೂ ಇಲ್ಲ. ಆದ್ದರಿಂದ ಬ್ರೋಕರ್‌ಗೆ ಹೇಳುವ ಮೊದಲೇ, ಅಡ್ವಾನ್ಸ್ ಮುಟ್ಟುವ ಮೊದಲೇ, ಯಾರ್ಯಾರಿಗೆ ಎಷ್ಟೆಷ್ಟು ಪಾಲಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮುಗಿಸುತ್ತೇನೆ. ಮುಂದಿನದೆಲ್ಲ ಆ ಹಾಳೆಯ ಮೇಲೆ ನಿಂತಿರುತ್ತದೆ.

ಹಿಂದೂ ತಂದೆ ಸ್ವಂತ ದುಡಿಮೆಯಲ್ಲಿ ಕೊಂಡ ಮನೆಗೆ ವಿಲ್ ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತೀರಿಕೊಂಡವರ ತಾಯಿ, ಇಷ್ಟೂ ಜನಕ್ಕೆ ಸಮಪಾಲು. ಮಗಳಿಗೆ ಮದುವೆಯಲ್ಲಿ ಚಿನ್ನ ಕೊಟ್ಟಾಗಿದೆ, ಅವಳಿಗೇನೂ ಇಲ್ಲ ಎಂಬ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ.

ಈ ಪಟ್ಟಿಯಲ್ಲಿ ಅತಿ ಹೆಚ್ಚು ಮರೆತುಹೋಗುವವರು ಅಜ್ಜಿ. ತಂದೆ ಸಾಯುವ ದಿನ ಅವರ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು ಬಂದೇ ಬಂದಿರುತ್ತದೆ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು, ಅಜ್ಜಿ ಎಂದಾದರೆ ತಲಾ ಐದನೇ ಒಂದು ಭಾಗ. ಆಮೇಲೆ ಅಜ್ಜಿಯೂ ವಿಲ್ ಬರೆಯದೆ ಹೋದರೆ ಆ ಐದನೇ ಒಂದು ಭಾಗ ಅವರ ಎಲ್ಲ ಮಕ್ಕಳಿಗೆ ಹಂಚಿಹೋಗುತ್ತದೆ. ಅಂದರೆ ಚಿಕ್ಕಪ್ಪ, ಸೋದರತ್ತೆ ಮನೆಯ ಪಾಲುದಾರರಾಗಿರುತ್ತಾರೆ, ಆ ವಿಷಯ ಅವರಿಗೇ ತಿಳಿದಿರುವುದಿಲ್ಲ. ಕೊಳ್ಳುವವರ ವಕೀಲರು ಅಜ್ಜಿ ತೀರಿಕೊಂಡ ದಿನಾಂಕ ಕೇಳುವುದು ಇದಕ್ಕೇ. ಎರಡೂ ಮರಣ ಪ್ರಮಾಣಪತ್ರಗಳನ್ನು ಪಕ್ಕಪಕ್ಕ ಇಟ್ಟು ದಿನಾಂಕ ಹೋಲಿಸಿ ನೋಡಿ. ಅಜ್ಜಿ ಮೊದಲು ಹೋಗಿದ್ದರೆ ಈ ತೊಡಕಿಲ್ಲ.

ಮನೆ ಪಿತ್ರಾರ್ಜಿತವಾಗಿದ್ದರೆ ಲೆಕ್ಕ ಬೇರೆ. ಕರ್ನಾಟಕ 1994ರಲ್ಲೇ ಕಾಯ್ದೆಗೆ ತಿದ್ದುಪಡಿ ತಂದು ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಹಕ್ಕು ಕೊಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ತಂದೆ 2005ಕ್ಕಿಂತ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಣಿಯಾದ ವಿಭಾಗಪತ್ರ (ಪಾಲು ಹಂಚಿಕೊಂಡ ಪತ್ರ) ಇದ್ದರೆ ಅದು ಊರ್ಜಿತವಾಗಿಯೇ ಉಳಿಯುತ್ತದೆ. ಹಿರಿಯರ ಮುಂದೆ ಬಾಯಿಮಾತಿನಲ್ಲಿ ಆದ ಪಾಲನ್ನು ನಂಬಿ ನಾನು ಕ್ರಯಪತ್ರ ಬರೆಯುವುದಿಲ್ಲ. ಕ್ರೈಸ್ತ, ಮುಸ್ಲಿಂ ಕುಟುಂಬಗಳ ಪಾಲಿನ ಲೆಕ್ಕ ಬೇರೆ ಕಾನೂನುಗಳದ್ದು. ಮೇಲಿನದನ್ನು ಅಲ್ಲಿಗೆ ಹಚ್ಚಬೇಡಿ.

ಹಾಳೆ ಸಿದ್ಧವಾದ ಮೇಲೆ ಅದಕ್ಕೆ ಸರ್ಕಾರಿ ಮುದ್ರೆ ಬೇಕು. ನಾಡಕಚೇರಿಯಿಂದ ವಂಶವೃಕ್ಷ ಪಡೆಯಬೇಕು. ತೀರಿಕೊಂಡವರನ್ನೂ ಸೇರಿಸಿ ಎಲ್ಲ ಮಕ್ಕಳ ಹೆಸರು ಬರಲೇಬೇಕು. ಹೊರದೇಶದಲ್ಲಿ ಇರುವ ತಂಗಿಯನ್ನು ಬಿಟ್ಟು ಮಾಡಿಸಿದ ವಂಶವೃಕ್ಷ ಆಮೇಲೆ ಇಡೀ ವ್ಯವಹಾರವನ್ನೇ ಮುಳುಗಿಸಬಲ್ಲದು. ಉತ್ತರಾಧಿಕಾರ ಪ್ರಮಾಣಪತ್ರಕ್ಕೆಂದು ಕೋರ್ಟಿಗೆ ಅಲೆಯುವವರೂ ಇದ್ದಾರೆ. ಅದು ಬ್ಯಾಂಕಿನ ಠೇವಣಿ, ಷೇರು, ಬರಬೇಕಾದ ಸಾಲಗಳಿಗೆ. ಮನೆಗೆ ಅದರ ಅಗತ್ಯವಿಲ್ಲ. ವಿಲ್ ಇದ್ದರೆ ಇಬ್ಬರು ಸಾಕ್ಷಿಗಳ ಸಹಿ ಇದೆಯೇ ಎಂದು ಮೊದಲು ನೋಡಿ. ವಿಲ್ ನೋಂದಣಿ ಕಡ್ಡಾಯವಲ್ಲ, ಆದರೂ ನೋಂದಣಿಯಾಗಿದ್ದರೆ ಕೊಳ್ಳುವವರಿಗೆ ಧೈರ್ಯ. ವಿಲ್‌ನಲ್ಲಿ ಹೆಸರಿಲ್ಲದ ಮಕ್ಕಳನ್ನೂ ಒಪ್ಪಿಗೆದಾರರಾಗಿ ಕ್ರಯಪತ್ರಕ್ಕೆ ಸೇರಿಸಿಕೊಳ್ಳುವುದು ನನ್ನ ಪದ್ಧತಿ.

ಇಲ್ಲಿಂದ ಎರಡು ದಾರಿ. ಒಂದು, ಉಳಿದವರೆಲ್ಲ ಒಬ್ಬರಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟು, ಆ ಒಬ್ಬರು ಮಾರುವುದು. ಇನ್ನೊಂದು, ಎಲ್ಲರೂ ಮಾರಾಟಗಾರರಾಗಿ ಒಂದೇ ಕ್ರಯಪತ್ರಕ್ಕೆ ಸಹಿ ಹಾಕುವುದು. ಮನೆಯನ್ನು ಒಬ್ಬರು ಉಳಿಸಿಕೊಳ್ಳುವುದಾದರೆ ಬಿಡುಗಡೆ ಪತ್ರವೇ ಸರಿ, ಅದು ನೋಂದಣಿಯಾಗಲೇಬೇಕು. ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿದ್ದಕ್ಕೆ ಬೆಲೆಯಿಲ್ಲ. ಮಾರುವುದೇ ಗುರಿಯಾದರೆ ಎರಡನೆಯ ದಾರಿಯನ್ನೇ ಹಿಡಿಯಿರಿ ಎಂದು ಒತ್ತಿ ಹೇಳುತ್ತೇನೆ. ಎಲ್ಲರೂ ಬಿಟ್ಟುಕೊಟ್ಟು ಅಣ್ಣನೊಬ್ಬನೇ ಮಾರಿದರೆ ಬಂಡವಾಳ ಲಾಭದ ತೆರಿಗೆ ಪೂರ್ತಿ ಅವನ ತಲೆಗೆ ಬರುತ್ತದೆ, ಹೊಸ ಮನೆ ಕೊಂಡು ಪಡೆಯುವ ವಿನಾಯಿತಿಯೂ ಅವನೊಬ್ಬನಿಗೇ. ಎಲ್ಲರೂ ಸಹಿ ಹಾಕಿದರೆ ಅವರವರ ಪಾಲಿನ ಹಣ ಅವರವರ ಬ್ಯಾಂಕ್ ಖಾತೆಗೇ ಹೋಗುತ್ತದೆ, ತೆರಿಗೆಯೂ ಹಾಗೇ ಹಂಚಿಹೋಗುತ್ತದೆ. ಆಮೇಲೆ ಕೊಡುತ್ತೇನೆ ಎಂಬ ಮಾತಿನಿಂದ ಹುಟ್ಟುವ ಒಡಹುಟ್ಟಿದವರ ಜಗಳವೂ ತಪ್ಪುತ್ತದೆ.

ಹೊರದೇಶದಲ್ಲಿ ಇರುವವರು ಅಲ್ಲಿನ ಭಾರತೀಯ ದೂತಾವಾಸದಲ್ಲಿ ಅಥವಾ ನೋಟರಿ ಮುಂದೆ ಪವರ್ ಆಫ್ ಅಟಾರ್ನಿ ಮಾಡಿ ಕಳಿಸಬಹುದು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಮಾರುವ ಅಧಿಕಾರ, ಪತ್ರವನ್ನು ನೋಂದಣಿಗೆ ಹಾಜರುಪಡಿಸುವ ಅಧಿಕಾರ, ಎರಡನ್ನೂ ಮನೆಯ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಸಮೇತ ಬರೆಸಿ. ಕೊಟ್ಟವರು ಸತ್ತರೆ ಆ ಅಧಿಕಾರವೂ ಅಲ್ಲಿಗೆ ಮುಗಿಯುತ್ತದೆ, ಹಾಗಾಗಿ ನೋಂದಣಿಯ ದಿನ ಅವರು ಬದುಕಿದ್ದಾರೆಂಬ ಘೋಷಣೆ ಇರಲಿ. ತೀರಿಹೋದ ಮಗನ ಚಿಕ್ಕ ಮಕ್ಕಳು ಪಾಲುದಾರರಾಗಿದ್ದರೆ ತಾಯಿ ಸಹಿ ಸಾಲದು, ಜಿಲ್ಲಾ ನ್ಯಾಯಾಲಯದ ಅನುಮತಿ ಬೇಕು. ಅದಿಲ್ಲದೆ ಮಾರಿದರೆ ಮಗುವಿಗೆ 18 ತುಂಬಿ ಮೂರು ವರ್ಷದವರೆಗೆ ಮಾರಾಟವನ್ನು ಪ್ರಶ್ನಿಸುವ ಅವಕಾಶ ಇರುತ್ತದೆ.

ಇನ್ನು ಋಣಭಾರ ಪತ್ರ, ಎಲ್ಲರ ಬಾಯಲ್ಲಿ ಇಸಿ. ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನದಂಥ ವಹಿವಾಟುಗಳ ಪಟ್ಟಿ ಅದು. 2004ರ ಏಪ್ರಿಲ್ 1ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲೇ ಸಿಗುತ್ತದೆ. ಅದಕ್ಕಿಂತ ಹಿಂದಿನದಕ್ಕೆ ಮೂಲ ಕ್ರಯಪತ್ರ ನೋಂದಣಿಯಾದ ಕಚೇರಿಯಲ್ಲಿ ಪುಸ್ತಕ ಹುಡುಕಿಸಬೇಕು. ವಹಿವಾಟು ಇದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16. ನಮೂನೆ 16 ಬಂದ ಕೂಡಲೇ ನೆಮ್ಮದಿಪಡಬೇಡಿ. ಹುಡುಕಾಟ ನಡೆಯುವುದು ನೀವು ಕೊಟ್ಟ ವಿವರದ ಮೇಲೆ, ಆದ್ದರಿಂದ ಹಳೆಯ ಸೈಟ್ ನಂಬರ್, ಹೊಸ ನಂಬರ್, ಸರ್ವೆ ನಂಬರ್ ಎಲ್ಲ ಹಾಕಿ ಬೇರೆ ಬೇರೆಯಾಗಿ ತೆಗೆಸಿ. ತಂದೆ ಮನೆ ಕೊಂಡದ್ದೇ ಪಟ್ಟಿಯಲ್ಲಿ ಕಾಣದಿದ್ದರೆ ಹುಡುಕಿದ ವಿವರ ತಪ್ಪಿದೆ ಎಂದರ್ಥ. ಕೋರ್ಟ್ ದಾವೆ, ನೋಂದಣಿಯಾಗದ ಕರಾರು, ವಿಲ್ ಇವು ಇಸಿಯಲ್ಲಿ ಕಾಣದೇ ಇರಬಹುದು. ಮನೆಯವರೆಲ್ಲರ ಹೆಸರು ಹಾಕಿ ನ್ಯಾಯಾಲಯಗಳ ಜಾಲತಾಣ ಇ-ಕೋರ್ಟ್ಸ್‌ನಲ್ಲೂ ಹುಡುಕುತ್ತೇನೆ.

ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಹಂಚಿದ ಸೈಟಾದರೆ ಇನ್ನೊಂದು ಕಾಗದ ಮುಖ್ಯ. ಹಂಚಿಕೆಯಾದಾಗ ಸಾಮಾನ್ಯವಾಗಿ ಸಿಗುತ್ತಿದ್ದುದು ಲೀಸ್ ಕಂ ಸೇಲ್ ಕರಾರು (ಮೊದಲು ಗುತ್ತಿಗೆ, ಆಮೇಲೆ ಮಾರಾಟ), ಹತ್ತು ವರ್ಷದ ನಂತರ ಶುದ್ಧ ಕ್ರಯಪತ್ರ. ಎಷ್ಟೋ ಮನೆಗಳಲ್ಲಿ ಆ ಎರಡನೆಯದನ್ನು ಮಾಡಿಸಿಕೊಳ್ಳದೆಯೇ ತಂದೆ ತೀರಿಕೊಂಡಿರುತ್ತಾರೆ. ಮಾರಾಟದ ಮಾತಿಗೆ ಮುನ್ನ ವಾರಸುದಾರರೆಲ್ಲರ ಹೆಸರಿಗೆ ಅದನ್ನು ಪಡೆದುಕೊಳ್ಳಬೇಕು.

2024ರ ಅಕ್ಟೋಬರ್ ನಂತರ ಇ-ಖಾತೆ (ಪಾಲಿಕೆಯ ಡಿಜಿಟಲ್ ಖಾತೆ) ಇಲ್ಲದೆ ನೋಂದಣಿ ಮುಂದೆ ಹೋಗುವುದಿಲ್ಲ. ಅದಕ್ಕೆ ಮಾಲೀಕರ ಆಧಾರ್ ದೃಢೀಕರಣ ಬೇಕು, ಅಪ್ಪನೇ ಇಲ್ಲದ ಮೇಲೆ ಅವರ ಹೆಸರಲ್ಲಿ ಅದು ಆಗದು. ಹಾಗಾಗಿ ವಂಶವೃಕ್ಷ, ಮರಣ ಪ್ರಮಾಣಪತ್ರ ಕೊಟ್ಟು ವಾರಸುದಾರರೆಲ್ಲರ ಜಂಟಿ ಹೆಸರಿಗೆ ಖಾತೆ ಬದಲಾಯಿಸಿಕೊಳ್ಳುವುದು ಮೊದಲ ಹೆಜ್ಜೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ, ನಿಮ್ಮ ಮನೆ ಯಾವುದಕ್ಕೆ ಸೇರಿತು ಎಂದು ತಿಳಿದುಕೊಂಡೇ ಅರ್ಜಿ ಹಾಕಿ. ಹೆಸರಿನ ಇನಿಷಿಯಲ್, ಸೈಟಿನ ಅಳತೆ, ಚಕ್ಕುಬಂದಿ ಇವು ಮೂಲಪತ್ರಕ್ಕೆ ಹೊಂದುತ್ತವೆಯೇ ಎಂದು ಕರಡಿನಲ್ಲೇ ನೋಡಿ. ಅಂತಿಮ ಇ-ಖಾತೆ ಬಂದ ಮೇಲೆ ತಿದ್ದುವುದು ಹೆಚ್ಚು ತ್ರಾಸ.

ಖರ್ಚಿನ ವಿಷಯ ಬೇಗ ಮುಗಿಸುತ್ತೇನೆ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್, ಸರ್ಚಾರ್ಜ್ ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ಒಂದು ಕೋಟಿಯ ಮನೆಗೆ 7,60,000 ರೂಪಾಯಿ, ಸಾಮಾನ್ಯವಾಗಿ ಕೊಳ್ಳುವವರೇ ಕಟ್ಟುವುದು. ಸರ್ಕಾರ ನಿಗದಿಪಡಿಸಿದ ಮಾರ್ಗಸೂಚಿ ದರ ಮತ್ತು ಒಪ್ಪಿದ ಬೆಲೆ, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಲೆಕ್ಕ. ಒಟ್ಟು ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ 1 ಟಿಡಿಎಸ್ (ಹಣ ಕೊಡುವಾಗಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿದು ಪ್ರತಿ ಮಾರಾಟಗಾರರ ಪ್ಯಾನ್‌ಗೆ ಬೇರೆ ಬೇರೆಯಾಗಿ ಕಟ್ಟಬೇಕು. ಐವರಿಗೆ ಹಂಚಿದರೆ ತಲಾ 50 ಲಕ್ಷದೊಳಗೆ ಬರುತ್ತದೆ ಎಂಬ ವಾದ ನಡೆಯುವುದಿಲ್ಲ. ಒಬ್ಬ ಪಾಲುದಾರ ಅನಿವಾಸಿಯಾದರೆ ಅವರ ಪಾಲಿಗೆ ಕಡಿತದ ದರ ಬಹಳ ಹೆಚ್ಚು, ಕರಾರಿನಲ್ಲೇ ಅದನ್ನು ಬರೆದುಕೊಳ್ಳಿ.

ನೋಂದಣಿಯ ದಿನ ಮೂಲಪತ್ರಗಳೆಲ್ಲ ಕೊಳ್ಳುವವರ ಕೈ ಸೇರುತ್ತವೆ. ಅದಕ್ಕೂ ಮುನ್ನ ಪ್ರತಿಯೊಬ್ಬ ಪಾಲುದಾರನಿಗೂ ಒಂದೊಂದು ಪೂರ್ತಿ ನಕಲು ಮಾಡಿಸಿ ಕೊಡುತ್ತೇನೆ, ತೆರಿಗೆ ಲೆಕ್ಕಕ್ಕೆ ಬೇಕು. ತಂದೆ 2001ರ ಏಪ್ರಿಲ್ 1ಕ್ಕಿಂತ ಮೊದಲು ಕೊಂಡ ಮನೆಯಾದರೆ ಆ ದಿನದ ಮೌಲ್ಯವನ್ನೇ ಅಸಲು ಎಂದು ತೋರಿಸಬಹುದು, ಆದರೆ ಅದು ಅಂದಿನ ಮಾರ್ಗಸೂಚಿ ದರವನ್ನು ಮೀರುವಂತಿಲ್ಲ. ಆ ದರದ ಪ್ರತಿಯನ್ನು ಉಪನೋಂದಣಿ ಕಚೇರಿಯಿಂದ ಆಗಲೇ ತೆಗೆಸಿ ಫೈಲಿಗೆ ಸೇರಿಸಿ.