ಅಮ್ಮನ ರಿಪೋರ್ಟ್ ಗ್ರೂಪಿಗೆ ಹಾಕುವುದು ಹೇಗೆ?

ಅಪ್ಪ ಅಮ್ಮ ಉಡುಪಿಯಲ್ಲಿ, ಮಗ ದುಬೈಯಲ್ಲಿ, ಮಗಳು ಲಂಡನ್ನಿನಲ್ಲಿ. ಇಂಥ ಮನೆಗಳ ವಾಟ್ಸಾಪ್ ಗ್ರೂಪಿಗೆ ಬರುವ ರಿಪೋರ್ಟಿನ ಫೋಟೊ ನೋಡಿದ್ದೀರಲ್ವಾ? ಅರ್ಧ ನೆರಳು, ಇನ್ನರ್ಧ ಟ್ಯೂಬ್‌ಲೈಟಿನ ಬಿಳಿ ಕಲೆ. ತಾರೀಕು ಇರುವ ಮೂಲೆಯೇ ಕಾಣುವುದಿಲ್ಲ.

ಮೊದಲು ಅಮ್ಮನನ್ನು ಕೇಳಿ, ಮನೆಯವರಷ್ಟೇ ಇರುವ ಬೇರೆ ಗ್ರೂಪ್ ಮಾಡಿ. ಅವರ ಕಾಯಿಲೆಯ ವಿಷಯ ಇಡೀ ಕುಟುಂಬದ ಗ್ರೂಪಿಗೆ ಹೋಗಲೇಬಾರದು.

ಲ್ಯಾಬಿನವರು ಪಿಡಿಎಫ್ ಕಳಿಸಿದ್ದರೆ ಅದನ್ನೇ ಫಾರ್ವರ್ಡ್ ಮಾಡಿ, ಕೆಲಸ ಮುಗಿಯಿತು. ಕಾಗದ ಮಾತ್ರ ಇದ್ದರೆ ಫೋಟೊ ಹೊಡೆಯಬೇಡಿ, ಸ್ಕ್ಯಾನ್ ಮಾಡಿ. ಆಂಡ್ರಾಯ್ಡ್‌ನ ಗೂಗಲ್ ಡ್ರೈವ್‌ನಲ್ಲಿ, ಐಫೋನಿನ ನೋಟ್ಸ್‌ನಲ್ಲಿ ಸ್ಕ್ಯಾನ್ ಇದ್ದೇ ಇದೆ. ಜಾಹೀರಾತು ಸುರಿಸುವ, ಪುಟದ ಮೇಲೆ ತಮ್ಮ ಹೆಸರು ಒತ್ತುವ ಸ್ಕ್ಯಾನರ್ ಆಪ್‌ಗಳು ಬೇಡವೇ ಬೇಡ. ಮಡಿಕೆ ಬಿಡಿಸಿ ಕಾಗದವನ್ನು ಕಿಟಕಿಯ ಹತ್ತಿರ ಮೇಜಿನ ಮೇಲಿಡಿ. ಮಳೆಗಾಲದಲ್ಲಿ ನಮ್ಮಲ್ಲಿ ಮಧ್ಯಾಹ್ನವೂ ಮಬ್ಬು, ಆಗ ಜಗಲಿಗೆ ಬನ್ನಿ. ಫೋನು ನೇರ ಮೇಲಿರಲಿ, ನಾಲ್ಕೂ ಮೂಲೆ ಕಾಣಲಿ. ಎಲ್ಲ ಪುಟವೂ ಒಂದೇ ಪಿಡಿಎಫ್‌ನಲ್ಲಿ ಬರಲಿ. ಫೈಲಿಗೆ ‘ಅಮ್ಮ, ರಕ್ತಪರೀಕ್ಷೆ’ ಎಂದು ತಾರೀಕು ಸೇರಿಸಿ ಹೆಸರಿಡಿ. ಇಲ್ಲದಿದ್ದರೆ ಆರು ತಿಂಗಳ ಬಳಿಕ ಹುಡುಕಿದರೂ ಸಿಗದು. ಕಳಿಸುವಾಗ ಡಾಕ್ಯುಮೆಂಟ್ ಆಯ್ಕೆಯಿಂದಲೇ ಕಳಿಸಿ. ಫೋಟೊ ಆಗಿ ಹೋದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ಸಣ್ಣ ಅಂಕಿಗಳು ಮಸುಕಾಗುತ್ತವೆ.

ಮನೆಯಲ್ಲೇ ನೋಡಿದ ಶುಗರ್ ಆದರೆ ಸುಮ್ನೆ ‘160’ ಅಂತ ಹಾಕಬೇಡಿ. ಖಾಲಿ ಹೊಟ್ಟೆಯದೋ, ಊಟವಾಗಿ ಎರಡು ಗಂಟೆಯ ಬಳಿಕದ್ದೋ ಬರೆಯಿರಿ. ಅಳತೆಯನ್ನೂ ಬರೆಯಿರಿ. ನಮ್ಮಲ್ಲಿ ಮಿಲಿಗ್ರಾಂ ಲೆಕ್ಕ, ಬ್ರಿಟನ್ನಿನಲ್ಲಿ ಮಿಲಿಮೋಲ್ ಲೆಕ್ಕ. ಅಲ್ಲಿನ 7 ಎಂದರೆ ಇಲ್ಲಿನ 126. ಇದು ಗೊತ್ತಿಲ್ಲದಿದ್ದರೆ ಲಂಡನ್ನಿನ ಮಗಳು ಸುಮ್ಮನೆ ಹೆದರಿಬಿಡುತ್ತಾಳೆ.

ಮಾತ್ರೆಗಳ ಹೆಸರು, ಎಷ್ಟು ಮಿ.ಗ್ರಾಂ, ಯಾವ ಹೊತ್ತಿಗೆ ಎಂಬುದು ಗ್ರೂಪಿನ ಡಿಸ್ಕ್ರಿಪ್ಷನ್‌ನಲ್ಲಿರಲಿ. ಪಿನ್ ಮಾಡಿದ ಮೆಸೇಜ್ ಹೆಚ್ಚೆಂದರೆ 30 ದಿನ ಇರುತ್ತದೆ, ಆಮೇಲೆ ತಾನಾಗಿ ಹೋಗುತ್ತದೆ.

ಕಷಾಯ ಕುಡಿದರೆ ಸಕ್ಕರೆ ಕಾಯಿಲೆ ಮಾಯ ಎಂಬಂಥ ಮೆಸೇಜ್ ಬಂದರೆ ಮೇಲೆ ಎರಡು ಬಾಣದ ಗುರುತಿದೆಯಾ ನೋಡಿ. ಇದ್ದರೆ ಅದು ಕಡಿಮೆಯೆಂದರೂ ಐದು ಕೈ ದಾಟಿ ಬಂದಿದೆ, ಮೊದಲು ಬರೆದವರು ಯಾರೋ ಗೊತ್ತಿಲ್ಲ. ಅದನ್ನು ನಂಬಿ ಮಾತ್ರೆ ನಿಲ್ಲಿಸಬೇಡಿ. ಕಳಿಸಿದ ಚಿಕ್ಕಪ್ಪನಿಗೆ ಗ್ರೂಪಿನಲ್ಲೇ ಬೈಯಲೂ ಬೇಡಿ, ಫೋನ್ ಮಾಡಿ ಹೇಳಿ.

ಡಾಕ್ಟರ ಹತ್ತಿರ ಹೋಗುವ ಹಿಂದಿನ ರಾತ್ರಿಯೇ ಎಲ್ಲರ ಪ್ರಶ್ನೆಗಳನ್ನು ಸೇರಿಸಿಕೊಳ್ಳಿ. ಬಂದ ಮೇಲೆ ಡಾಕ್ಟರು ಹೇಳಿದ್ದನ್ನು ವಾಯ್ಸ್ ಮೆಸೇಜ್‌ನಲ್ಲಿ ಹಾಕಿ. ಅಮ್ಮನಿಗೆ ತುಳುವೇ ಸಲೀಸಾದರೆ ತುಳುವಿನಲ್ಲೇ ಹೇಳಿ.

ಎದೆನೋವು ಬಂದರೆ, ಮಾತು ತೊದಲಿದರೆ ಗ್ರೂಪಿನಲ್ಲಿ ಕೇಳುತ್ತಾ ಕೂರಬೇಡಿ. ಮೊದಲು 108ಕ್ಕೆ ಫೋನ್ ಮಾಡಿ.