‘ಜ’ ಸೇರಿದರೆ ಅಲ್ಲ, ಬಿಟ್ಟರೆ ಇಲ್ಲ

ಬೆಂಗಳೂರಿನಲ್ಲಿ ಭಾನುವಾರದ ಜಪಾನಿ ತರಗತಿಗೆ ಸೇರಿ ಎರಡು ವಾರವಾಗಿತ್ತು. ‘ಎಂಜಿನಿಯಾ ದೆಸ್ ಕ?’ ಎಂದು ಶಿಕ್ಷಕಿ ನನ್ನನ್ನು ಕೇಳಿದರು. ನಾನು ಎಂಜಿನಿಯರ್ ಅಲ್ಲ, ಲೆಕ್ಕ ಬರೆಯುವವನು. ‘ಈಯೆ, ಎಂಜಿನಿಯಾ ಅರಿಮಾಸೆನ್’ ಎಂದೆ. ಅವರು ಮೇಜಿನ ಕೆಳಗೆಲ್ಲ ಹುಡುಕುವವರಂತೆ ಬಗ್ಗಿ ನೋಡಿ ನಕ್ಕರು. ನಾನು ಹೇಳಿದ್ದು ‘ಎಂಜಿನಿಯರ್ ಇಲ್ಲ’ ಎಂದು. ಅದೂ ಅಂಗಡಿಯಲ್ಲಿ ಸಕ್ಕರೆ ಇಲ್ಲ ಎನ್ನುವ ಧಾಟಿಯಲ್ಲಿ. ಅರಿಮಾಸೆನ್ ಜೀವವಿಲ್ಲದ ವಸ್ತುಗಳಿಗೆ, ಮನುಷ್ಯರಿಗೆ ಇಮಾಸೆನ್.

ನನ್ನ ಟಿಪ್ಪಣಿಯೆಲ್ಲ ಇಂಗ್ಲಿಷಿನಲ್ಲಿತ್ತು, ಎಡವಿದ್ದು ಅಲ್ಲೇ. ಅಲ್ಲಿ ‘ನಾಟ್’ ಎಂಬ ಒಂದೇ ಮಾತು ಎಲ್ಲದಕ್ಕೂ ಸಾಕಾಗುತ್ತದೆ. ಅದೇ ವಾಕ್ಯಗಳನ್ನು ಕನ್ನಡದಲ್ಲಿ ಬರೆದುಕೊಂಡಾಗ ಗಂಟು ಸಡಿಲವಾಯಿತು. ‘ಪೆನ್ ಅರಿಮಾಸೆನ್’ ಎಂದರೆ ಪೆನ್ನು ಇಲ್ಲ. ‘ಪೆನ್ ಜ ಅರಿಮಾಸೆನ್’ ಎಂದರೆ ಇದು ಪೆನ್ನು ಅಲ್ಲ. ನಡುವೆ ಕುಳಿತ ‘ಜ’ ಒಂದೇ ನಮ್ಮ ಇಲ್ಲವನ್ನು ಅಲ್ಲವಾಗಿಸುತ್ತದೆ. ಈ ‘ಜ’ ಬರಹದ ‘ದೆವ’ ಮಾತಿನಲ್ಲಿ ಸವೆದು ಉಳಿದ ರೂಪ. ಸಲಿಗೆಯವರೊಂದಿಗೆ ಅರಿಮಾಸೆನ್ ಬದಲು ‘ನಾಯ್’ ಸಾಕು. ಜಪಾನಿಯಲ್ಲಿ ನಾಯಿಗೆ ‘ಇನು’ ಎನ್ನುತ್ತಾರೆ. ಹಾಗಾಗಿ ‘ಇನು ಜ ನಾಯ್’ ಎಂದರೆ ‘ನಾಯಿ ಅಲ್ಲ’! ಈ ತಮಾಷೆಯ ಪುಣ್ಯದಿಂದ ನಾನು ಅದನ್ನು ಮತ್ತೆಂದೂ ಮರೆಯಲಿಲ್ಲ.

ಒಂದು ಎಚ್ಚರ: ‘ಇನು ದ’ (ಇದು ನಾಯಿ) ಎಂಬುದರ ‘ದ’ವನ್ನು ಕಿತ್ತು, ಅದೇ ಜಾಗದಲ್ಲಿ ‘ಜ ನಾಯ್’ ಕೂರಿಸಬೇಕು. ನಾನು ಎರಡನ್ನೂ ಇಟ್ಟು ‘ಇನು ದ ಜ ನಾಯ್’ ಎಂದು ಪುಟಗಟ್ಟಲೆ ಬರೆದಿದ್ದೆ. ಎಲ್ಲದರ ಮೇಲೂ ಕೆಂಪು ಗೆರೆ ಬಿತ್ತು.

ನಾಮಪದದ ರೂಢಿಯನ್ನು ‘ಸಮುಯ್’ (ಚಳಿ) ತರಹದ ಗುಣವಾಚಕಕ್ಕೂ ಎಳೆದದ್ದು ಇನ್ನೊಂದು ಪ್ರಮಾದ. ಚಳಿಯಿಲ್ಲ ಎನ್ನಲು ‘ಸಮುಕು ನಾಯ್’ ಎನ್ನಬೇಕು. ‘ಸಮುಯ್ ಜ ನಾಯ್’ ಎಂದರೆ ಕೇಳುವವರಿಗೆ ‘ಚಳಿ ಇದೆಯಲ್ಲ!’ ಎಂದೇ ಕೇಳಿಸುತ್ತದೆ. ನಮ್ಮ ‘ಅಲ್ಲ’ ಕೂಡ ಹೀಗೆ ವಾಕ್ಯದ ಬಾಲಕ್ಕೆ ಅಂಟಿಕೊಂಡು ನಿರಾಕರಣೆಯನ್ನು ಬಿಟ್ಟು ಒತ್ತಾಯಕ್ಕೆ ಇಳಿಯುತ್ತದೆ. ಈ ಹೋಲಿಕೆ ಕಂಡ ದಿನ ನಾನು ಮನೆಯವರಿಗೆಲ್ಲ ವ್ಯಾಕರಣ ಹೇಳಿ ತಲೆ ತಿಂದೆ.

ಭೂತಕಾಲದಲ್ಲಿ ಮಾತ್ರ ಕನ್ನಡ ಕೈಕೊಟ್ಟಿತು. ‘ಅಲ್ಲ’ಕ್ಕೆ ಭೂತರೂಪವಿಲ್ಲ, ‘ಆಗಿರಲಿಲ್ಲ’ ಎಂದು ಮತ್ತೆ ಇಲ್ಲದ ಮೊರೆ ಹೋಗುತ್ತೇವೆ. ಜಪಾನಿಯ ‘ನಾಯ್’ ಮಾತ್ರ ತಾನೇ ಬಾಗಿ ‘ನಾಕತ್ತ’ ಆಗುತ್ತದೆ: ‘ಜ ನಾಕತ್ತ’. ಮರ್ಯಾದೆ ಬೇಕಿದ್ದರೆ ಕೊನೆಗೆ ‘ದೆಸ್’, ಇಲ್ಲವೇ ‘ಜ ಅರಿಮಾಸೆನ್ ದೆಶಿತ’. ನಾನು ಇವೆರಡನ್ನೂ ಕಲಸಿ ‘ಜ ನಾಯ್ ದೆಶಿತ’ ಎನ್ನುತ್ತಿದ್ದೆ. ಅದು ತಪ್ಪು.

ಅಭ್ಯಾಸ ನಡೆದದ್ದು ಅಡುಗೆಮನೆಯಲ್ಲಿ. ಡಬ್ಬಿ ಕೈಗೆತ್ತಿಕೊಂಡು ‘ಸತೋ ಜ ನಾಯ್, ಶಿಯೊ ದ’ (ಸಕ್ಕರೆ ಅಲ್ಲ, ಉಪ್ಪು) ಎಂದು ಗೊಣಗುತ್ತಿದ್ದೆ. ಒಂದು ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಕಾಫಿ ಬೆರೆಸಿಕೊಂಡು ಮೊದಲ ಗುಟುಕು ಕುಡಿದೆ. ‘ಸತೋ ಜ ನಾಕತ್ತ!’ ಎಂದು ಬಾಯಿಂದ ತಾನಾಗಿ ಬಂತು. ಕಾಫಿ ಸಿಂಕಿಗೆ ಹೋಯಿತು.