ಅಯಾನಿಕ ಸಂಯುಕ್ತದ ಚುಕ್ಕಿ ಚಿತ್ರ: ಎಡವುವುದು ಬಾಣದ ಆಚೆ

ಹತ್ತನೇ ತರಗತಿಯ ಉತ್ತರ ಪತ್ರಿಕೆ ನೋಡಿದವರಿಗೆಲ್ಲ ಇದು ಗೊತ್ತು. ಮೆಗ್ನೀಷಿಯಂ ಕ್ಲೋರೈಡ್ ಹೇಗೆ ಉಂಟಾಗುತ್ತದೆ ಎಂದು ಚಿತ್ರ ಸಮೇತ ಕೇಳಿದರೆ, ಎಷ್ಟೋ ಮಕ್ಕಳು ಎರಡು ಸಂಕೇತಗಳ ನಡುವೆ ಜೋಡಿ ಚುಕ್ಕಿ ಇಟ್ಟುಬಿಡುತ್ತಾರೆ. ಅದು ಎಲೆಕ್ಟ್ರಾನ್ ಹಂಚಿಕೊಳ್ಳುವ ಚಿತ್ರ. ಇಲ್ಲಿ ಹಂಚಿಕೆ ಇಲ್ಲ, ಒಬ್ಬರು ಕೊಡುತ್ತಾರೆ, ಇನ್ನೊಬ್ಬರು ತೆಗೆದುಕೊಳ್ಳುತ್ತಾರೆ. ಹೀಗೆ ಆವೇಶ ಪಡೆದ ಪರಮಾಣುಗಳೇ ಅಯಾನುಗಳು, ಅವು ಸೇರಿ ಆಗುವುದೇ ಅಯಾನಿಕ ಸಂಯುಕ್ತ.

ಹೆಜ್ಜೆ 1: ಎಲೆಕ್ಟ್ರಾನ್ ವಿನ್ಯಾಸ, ಅಂದರೆ ಒಳಗಿನಿಂದ ಹೊರಗೆ ಪ್ರತಿ ಕವಚದಲ್ಲಿ ಎಷ್ಟು ಎಲೆಕ್ಟ್ರಾನ್ ಎಂದು ಬರೆಯಿರಿ. ಮೆಗ್ನೀಷಿಯಂ 2, 8, 2. ಕ್ಲೋರಿನ್ 2, 8, 7.

ಹೆಜ್ಜೆ 2: ಲೆಕ್ಕ ಹಾಕಿ. ಹೊರಗಿನ ಕವಚದಲ್ಲಿ ಎಂಟು ಉಳಿಯಬೇಕಾದರೆ ಮೆಗ್ನೀಷಿಯಂ ಎರಡು ಕೊಡಬೇಕು, ಒಂದು ಕ್ಲೋರಿನ್‌ಗೆ ಬೇಕಾದ್ದು ಒಂದೇ. ಹಾಗಾಗಿ ಕ್ಲೋರಿನ್ ಎರಡು ಬೇಕು.

ಹೆಜ್ಜೆ 3: ಈಗ ಚಿತ್ರ, ನಿಧಾನವಾಗಿ ಮಾಡಿ. ಮೆಗ್ನೀಷಿಯಂ ನಡುವೆ, ಕ್ಲೋರಿನ್ ಆ ಕಡೆ ಈ ಕಡೆ ಒಂದೊಂದು. ಹೊರಗಿನ ಕವಚದ ಎಲೆಕ್ಟ್ರಾನ್ ಮಾತ್ರ ತೋರಿಸಿ. ಮೆಗ್ನೀಷಿಯಂನ ಎಲೆಕ್ಟ್ರಾನ್‌ಗೆ ಗುಣಿಸು ಚಿಹ್ನೆ, ಕ್ಲೋರಿನ್‌ದಕ್ಕೆ ಚುಕ್ಕಿ ಹಾಕಿ, ಯಾವುದು ಎಲ್ಲಿಂದ ಬಂತು ಎಂದು ಕೊನೆವರೆಗೂ ಕಾಣಿಸುತ್ತದೆ. ಎಲ್ಲಕ್ಕೂ ಚುಕ್ಕಿಯೇ ಹಾಕಿದರೂ ತಪ್ಪಲ್ಲ, ಆದರೆ ನಾನಂತೂ ಗುಣಿಸು ಚಿಹ್ನೆಯನ್ನೇ ಹಾಕಿ ಎನ್ನುತ್ತೇನೆ. ಒಂದೊಂದು ಗುಣಿಸು ಚಿಹ್ನೆಯಿಂದ ಒಂದೊಂದು ಕ್ಲೋರಿನ್‌ಗೆ ಬಾಗಿದ ಬಾಣ ಎಳೆಯಿರಿ.

ಆಮೇಲೆ ದೊಡ್ಡ ಬಾಣ, ಅದರ ಆಚೆ ಫಲಿತಾಂಶ. ಮೆಗ್ನೀಷಿಯಂ ಸುತ್ತ ಈಗ ಏನೂ ಬೇಡ, ಬರೀ ಸಂಕೇತ ಮತ್ತು ತಲೆಯ ಮೇಲೆ 2+. ಪ್ರತಿ ಕ್ಲೋರಿನ್ ಸುತ್ತ ಎಂಟು: ಏಳು ಚುಕ್ಕಿ, ಒಂದು ಗುಣಿಸು ಚಿಹ್ನೆ. ಅದನ್ನು ಚೌಕ ಆವರಣದಲ್ಲಿ ಹಾಕಿ, ಮೈನಸ್ ಚಿಹ್ನೆಯನ್ನು ಆವರಣದ ಹೊರಗೆ ಮೇಲ್ಗಡೆ ಬರೆಯಿರಿ, ಏಕೆಂದರೆ ಆ ಆವೇಶ ಇಡೀ ಅಯಾನಿನದು. ಕ್ಲೋರಿನ್ ಎರಡಿದೆ ಎಂದು ಒಂದೇ ಆವರಣದ ಮೇಲೆ 2– ಬರೆಯುವುದು ತಪ್ಪು. ಎರಡು ಆವರಣ ಬರೆಯಿರಿ, ಇಲ್ಲವೇ ಒಂದೇ ಆವರಣ ಬರೆದು ಅದರ ಹೊರಗೆ ಕೆಳಗಡೆ ಪುಟ್ಟ 2 ಹಾಕಿ. ಕೆಲವು ಗೈಡ್‌ಗಳಲ್ಲಿ ಆವರಣವೇ ಇರುವುದಿಲ್ಲ, ಅಂಥವನ್ನು ನೋಡಿ ಬಾಯಿಪಾಠ ಮಾಡಬೇಡಿ. ಕೊನೆಗೆ ಆವೇಶಗಳನ್ನು ಕೂಡಿ ನೋಡಿ, ಸೊನ್ನೆ ಬರಲೇಬೇಕು.

ಚಿತ್ರ ಮುಗಿಯಿತು, ಆದರೆ ಬಂಧದ ಕಥೆ ಇನ್ನೂ ಇದೆ. ಇದಕ್ಕೆ ಅಡುಗೆ ಉಪ್ಪನ್ನು, ಅಂದರೆ ಸೋಡಿಯಂ ಕ್ಲೋರೈಡನ್ನು ತೆಗೆದುಕೊಳ್ಳೋಣ. "ಸೋಡಿಯಂ ಎಲೆಕ್ಟ್ರಾನ್ ಕೊಡಲು ಕಾಯುತ್ತಿರುತ್ತದೆ" ಎಂದು ಹೇಳಿಕೊಡುತ್ತಾರೆ, ಅಲ್ವಾ? ಹಾಗೇನಿಲ್ಲ. ಒಂದು ಮೋಲ್ (ಪರಮಾಣುಗಳನ್ನು ಎಣಿಸುವ ಒಂದು ನಿಗದಿತ ದೊಡ್ಡ ಸಂಖ್ಯೆ) ಸೋಡಿಯಂ ಪರಮಾಣುಗಳಿಂದ ಒಂದೊಂದು ಎಲೆಕ್ಟ್ರಾನ್ ಕೀಳಲು ಸುಮಾರು 496 ಕಿಲೋಜೂಲ್ ಬೇಕು. ಕ್ಲೋರಿನ್ ಅವನ್ನು ತೆಗೆದುಕೊಂಡಾಗ ವಾಪಸ್ ಬರುವುದು ಸುಮಾರು 349 ಮಾತ್ರ. ಅಲ್ಲಿಗೆ ನಷ್ಟವೇ. ಆ ಧನ, ಋಣ ಅಯಾನುಗಳು ಹತ್ತಿರ ಬಂದು ಹರಳಾಗಿ ಜೋಡಿಸಿಕೊಂಡಾಗ ಸುಮಾರು 787 ಕಿಲೋಜೂಲ್ ಹೊರಬರುತ್ತದೆ, ಲಾಭ ಇರುವುದು ಅಲ್ಲಿ. ಉಪ್ಪಿನ ಹರಳಲ್ಲಿ ಪ್ರತಿ ಸೋಡಿಯಂ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡ್ ಸುತ್ತ ಆರು ಸೋಡಿಯಂ. ಇದು ಇದರ ಜೋಡಿ ಎಂದು ಬೇರೆಯಾಗಿ ಯಾವುದೂ ಇಲ್ಲ, ಆದ್ದರಿಂದ "ಉಪ್ಪಿನ ಅಣು" ಎಂದು ಬರೆಯಬೇಡಿ.

ಗುಣಗಳೆಲ್ಲ ಈ ಜೋಡಣೆಯಿಂದಲೇ ಬರುತ್ತವೆ. ಎಲ್ಲ ಕಡೆಯಿಂದ ಎಳೆತ ಇರುವುದರಿಂದ ಉಪ್ಪು ಬಿಸಿಗೆ ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಮೆಗ್ನೀಷಿಯಂ ಆಕ್ಸೈಡ್‌ನಲ್ಲಿ ಆವೇಶ 2+ ಮತ್ತು 2–, ಅದು 2,800 ಡಿಗ್ರಿ ದಾಟಿದ ಮೇಲೇ ಕರಗುವುದು. ಕಲ್ಲುಪ್ಪಿಗೆ ಸುತ್ತಿಗೆಯಲ್ಲಿ ಹೊಡೆದರೆ ತಗ್ಗು ಬೀಳದೆ ಸೀಳುತ್ತದೆ: ಒಂದು ಪದರ ಸರಿದಾಗ ಒಂದೇ ಆವೇಶದ ಅಯಾನುಗಳು ಎದುರುಬದುರಾಗಿ ತಳ್ಳಿಕೊಳ್ಳುತ್ತವೆ. ಉಪ್ಪು ನೀರಲ್ಲಿ ಕರಗುತ್ತದೆ, ಸೀಮೆಎಣ್ಣೆಯಲ್ಲಿ ಇಲ್ಲ.

ವಿದ್ಯುತ್ ಹರಿಯುವುದನ್ನು ಮನೆಯಲ್ಲೇ ನೋಡಬಹುದು: 9 ವೋಲ್ಟ್ ಬ್ಯಾಟರಿ, ಒಂದು ಕೆಂಪು ಎಲ್‌ಇಡಿ, 470 ಓಮ್ ರೆಸಿಸ್ಟರ್, ಎರಡು ಪೆನ್ಸಿಲ್ ಕಡ್ಡಿ. ಎಲ್ಲವನ್ನೂ ಒಂದರ ಹಿಂದೆ ಒಂದರಂತೆ ಜೋಡಿಸಿ, ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗದಂತೆ ಪರೀಕ್ಷಿಸುವ ವಸ್ತುವಿನಲ್ಲಿ ಇಡಿ. ಒಣ ಉಪ್ಪಿನಲ್ಲಿ ಎಲ್‌ಇಡಿ ಹತ್ತುವುದಿಲ್ಲ, ಅಯಾನುಗಳಿಗೆ ಕದಲಲು ಜಾಗ ಇಲ್ಲ. ಉಪ್ಪು ನೀರಿನಲ್ಲಿ ಹತ್ತುತ್ತದೆ. ಆದರೆ ನಲ್ಲಿ ನೀರು ಬಳಸಲೇಬೇಡಿ. ಅದರಲ್ಲೇ ಲವಣಗಳಿರುವುದರಿಂದ ಹೋಲಿಸಿ ನೋಡಲು ಮಾಡಿದ ಸಕ್ಕರೆ ನೀರಲ್ಲೂ ಎಲ್‌ಇಡಿ ಮಂಕಾಗಿ ಹತ್ತಿ, ಮಕ್ಕಳು ಸಕ್ಕರೆಯೂ ಅಯಾನಿಕ ಎಂದು ಬರೆದುಬಿಡುತ್ತಾರೆ. ಡಿಸ್ಟಿಲ್ಡ್ ವಾಟರ್ (ಲವಣ ತೆಗೆದ ನೀರು) ತನ್ನಿ, ಲೋಟವನ್ನೂ ಅದರಲ್ಲೇ ತೊಳೆಯಿರಿ, ಆಸಿಡ್ ಬಾಟಲಿ ಅಲ್ಲ ಎಂದು ಲೇಬಲ್ ಓದಿಯೇ ಕೊಳ್ಳಿ. ಮನೆಯ ಪ್ಲಗ್‌ಗೆ ಇದನ್ನು ಜೋಡಿಸಲೇಬಾರದು. ಉಪ್ಪು ನೀರಿನಿಂದ ಸ್ವಲ್ಪ ಕ್ಲೋರಿನ್ ಅನಿಲವೂ ಬರುತ್ತದೆ, ಕಿಟಕಿ ತೆರೆದಿಟ್ಟು, ಎಲ್‌ಇಡಿ ಹತ್ತಿದ್ದು ಕಂಡ ಕೂಡಲೇ ಕಡ್ಡಿ ಎತ್ತಿಬಿಡಿ.